ಲಲ್ಲನ್ ಮಿಯಾ ಮನೆಗೇ ಬಂದ

ಭಾನುವಾರ ಮಧ್ಯಾಹ್ನ ರೂಮ್‌ಮೇಟೂ ನಾನೂ ‘ಚಶ್ಮೆ ಬದ್ದೂರ್’ ಹಾಕಿಕೊಂಡು ಬಿದ್ದುಕೊಂಡಿದ್ದೆವು. ಸಾಯಿ ಪರಾಂಜಪೆಯವರ 1981ರ ಚಿತ್ರ. ದೆಹಲಿಯ ಬಾಡಿಗೆ ಕೋಣೆಯಲ್ಲಿ ಮೂವರು ಗೆಳೆಯರು. ಒಬ್ಬ ಓದುತ್ತಾನೆ, ಇಬ್ಬರು ಹುಡುಗಿಯರ ಹಿಂದೆ ಅಲೆಯುತ್ತಾರೆ, ಸಿಗರೇಟು ಮಾತ್ರ ಲಲ್ಲನ್ ಮಿಯಾನ ಬೀಡಾ ಅಂಗಡಿಯಿಂದ ಸಾಲ. ದೀಪ್ತಿ ನವಲ್ ‘ಚಮ್ಕೋ’ ಸೋಪಿನ ಪುಡಿ ಮಾರಲು ಬಾಗಿಲಿಗೆ ಬಂದ ಗಳಿಗೆಯಲ್ಲೇ ನಮ್ಮ ಬೆಲ್ಲೂ ಬಡಿದುಕೊಳ್ಳಬೇಕೆ! ಗೆಳೆಯ ಕನ್ನಡಿಗೆ ಓಡಿ ತಲೆ ಬಾಚಿಕೊಂಡ. ನಾನು ಬನಿಯನ್ ಮೇಲೆ ಅಂಗಿ ಏರಿಸಿ, ಹೊಟ್ಟೆ ಒಳಗೆಳೆದುಕೊಂಡು ಬಾಗಿಲು ತೆಗೆದೆ. ನೀರಿನ ಕ್ಯಾನಿನವ! ಲಲ್ಲನ್ ಮಿಯಾ ಆಗಿದ್ದ ಸಯೀದ್ ಜಾಫ್ರಿಯೇ ಪರದೆಯಿಂದಿಳಿದು ವಸೂಲಿಗೆ ಬಂದ ಹಾಗಿತ್ತು. “ಅಣ್ಣಾ, ಪಿಕ್ಚರ್ ಮುಗೀಲಿ, ಕೊಡ್ತೀವಿ” ಎಂದೆ. ಅಣ್ಣ ನಮ್ಮ ನಡುವೆಯೇ ಕೂತು ಪೂರ್ತಿ ನೋಡಿದ, ನಕ್ಕ, ಕಾಫಿಯನ್ನೂ ಕುಡಿದ. ಬಾಕಿಯಲ್ಲಿ ಮಾತ್ರ ಒಂದು ರೂಪಾಯಿಯನ್ನೂ ಮುರಿಯಲಿಲ್ಲ.