ನಾಲ್ಕು ತೋಳಿನ ಕ್ರ್ಯಾಂಕು

ಮೇಷ್ಟ್ರೇ, ಹೂ ಕೊಯ್ಯೋದು ಆಮೇಲಾಯ್ತು, ಕಾಂಪೌಂಡಿನ ಈ ಕಡೆ ಒಂಚೂರು ಬಗ್ಗಿ ನೋಡಿ. ಮಗನ ಹೊಸ ಸೈಕಲ್ಲು ನಿನ್ನೆ ಸಂಜೆ ಬಂತು. ಬಣ್ಣ ಚೆನ್ನಾಗಿದೆ ಅಂತ ಎಲ್ಲರೂ ಅಂದರು. ನಾನು ಮಾತ್ರ ಬೆಳಿಗ್ಗೆಯಿಂದ ಇದರ ಕ್ರ್ಯಾಂಕನ್ನೇ ನೋಡ್ತಾ ಕೂತಿದ್ದೀನಿ. ಸೈಕಲ್ಲಿಗೆ ಮುಖ ಅಂತ ಒಂದಿದ್ದರೆ ಅದು ಇದೇ.

"ಇದೇನ್ರೀ, ನಾಲ್ಕೇ ತೋಳು? ಅದೂ ಸೊಟ್ಟಸೊಟ್ಟ!"

ನನಗೂ ಮೊದಲು ಹಾಗೇ ಅನ್ನಿಸಿತು. ನಮ್ಮ ಕಣ್ಣಿಗೆ ಒಗ್ಗಿದ್ದು ಚೈನ್ ವೀಲ್ ಹಿಡಿಯೋ ಐದು ತೋಳು, ಸಮ ಅಂತರ, ನಕ್ಷತ್ರದ ಹಾಗೆ. ಅದಕ್ಕೂ ಹಿಂದೆ ನಮ್ಮಪ್ಪನ ರ‍್ಯಾಲಿ ಸೈಕಲ್ಲು ಇತ್ತಲ್ಲ, ಅದರ ಚೈನ್ ವೀಲಿನಲ್ಲಿ ಕೊಕ್ಕರೆಯ ತಲೆಗಳನ್ನೇ ಕೊರೆದಿದ್ದರು. ದಿನಾ ಚಿಂದಿಬಟ್ಟೆಯಲ್ಲಿ ಆ ಕೊಕ್ಕು ಒರೆಸೋದು ನನ್ನ ಕೆಲಸ. ಅಂಥ ಅಂದ ಕಂಡವನಿಗೆ ಈ ಕಪ್ಪು ತೋಳು ಹಿಡಿಸೋದಕ್ಕೆ ಹೊತ್ತು ಬೇಕಾಯ್ತು.

ಆದರೆ ಯಾಕೆ ಹೀಗೆ ಅಂತ ತಿಳಿದ ಮೇಲೆ ಕಣ್ಣೇ ಬದಲಾಯ್ತು. ಪೆಡಲ್ ತುಳಿಯುವಾಗ ಕಾಲಿನ ಬಲ ಸುತ್ತೂ ಒಂದೇ ಸಮ ಬೀಳೋದಿಲ್ಲ. ಕ್ರ್ಯಾಂಕು ಮುಂದಕ್ಕೆ ಅಡ್ಡಲಾಗಿ ಬಂದಾಗ ಒತ್ತಡ ಜಾಸ್ತಿ, ತುದಿಯಲ್ಲೂ ತಳದಲ್ಲೂ ತೀರಾ ಕಮ್ಮಿ. ಹಾಗಿರುವಾಗ ಸುತ್ತಲೂ ಸಮನಾಗಿ ಲೋಹ ಹಾಕೋದು ಯಾಕೆ? ಜಪಾನಿನ ಶಿಮಾನೋದವರು 2012ರಲ್ಲಿ ಡ್ಯುರಾ-ಏಸ್ 9000 ಅನ್ನೋ ಬಿಡಿಭಾಗಗಳ ಸೆಟ್ಟು ತಂದಾಗ, ಭಾರ ಬೀಳುವ ಕಡೆ ನೋಡಿಕೊಂಡು ತೋಳು ಕೂಡಿಸಿದರು. ಒಂದು ತೋಳಿನ ಲೋಹ ಉಳಿಯಿತು, ತೂಕ ಇಳಿಯಿತು. ಎರಡು ವರ್ಷದೊಳಗೆ ಅದೇ ಆಕಾರ ಅವರದೇ ಅಲ್ಟೆಗ್ರಾ, 105 ಸೆಟ್ಟುಗಳಿಗೂ ಬಂತು. 2014ರಲ್ಲಿ ಇಟಲಿಯ ಕ್ಯಾಂಪನ್ಯೋಲೋದವರೂ ನಾಲ್ಕು ತೋಳಿಗೇ ಬಂದರು.

ಇನ್ನೊಂದು ಅನುಕೂಲ ಕೇಳಿ. ಮುಂಚೆ 53-39 ಹಲ್ಲಿನ ದೊಡ್ಡ ಚೈನ್ ವೀಲ್ ಜೋಡಿಗೆ 130 ಮಿಲಿಮೀಟರ್ ಬೋಲ್ಟಿನ ವೃತ್ತ, 50-34ಕ್ಕೆ 110. ಅಂದರೆ ಕ್ರ್ಯಾಂಕೇ ಬೇರೆ ಬೇರೆ. ಈಗ ಎರಡೂ 110ರಲ್ಲೇ ಕೂರುತ್ತೆ. ಮಗ ಚಾಮುಂಡಿ ಬೆಟ್ಟ ಹತ್ತಬೇಕು ಅಂದರೆ ಚೈನ್ ವೀಲ್ ಬದಲಿಸಿದರೆ ಸಾಕು.

ಒಂದು ಸಲ ಬೆರಳಾಡಿಸಿ ನೋಡಿ. ಬೋಲ್ಟೆಲ್ಲ ಹಿಂಬದಿಯಿಂದ ಬಿಗಿದಿರೋದರಿಂದ ತೋಳು ಎಲ್ಲಿ ಮುಗೀತು, ಚೈನ್ ವೀಲ್ ಎಲ್ಲಿ ಶುರುವಾಯ್ತು ಅಂತ ಕೈಗೆ ಹೆಚ್ಚು ತಿಳಿಯೋದಿಲ್ಲ. ನನ್ನ ಮನಸ್ಸಿಗೆ ಹಿಡಿಸಿದ್ದು ಇದೇ. ಕೊರತೆ ಇಲ್ಲ ಅನ್ನೋದಿಲ್ಲ. ಬೇರೆ ಕಂಪನಿಯ ಚೈನ್ ವೀಲ್ ಹಾಕಿದರೆ ಬೋಲ್ಟು ಕೂತರೂ ಮೈ ಕೂಡೋದಿಲ್ಲ. ಕಪ್ಪು ಬಣ್ಣವೂ ಬೂಟು ಉಜ್ಜಿ ಉಜ್ಜಿ ಸವೆಯುತ್ತೆ. ಹಳೇ ಬೆಳ್ಳಿಬಣ್ಣದ ಅಲ್ಯೂಮಿನಿಯಂ ಆದರೆ ಒರೆಸಿದಷ್ಟೂ ಹೊಳೀತಿತ್ತು.

"ಆದರೂ ಸಮ ಇದ್ದರೇ ಚಂದ ಕಣ್ರೀ."

ನಿಮ್ಮ ಬುಟ್ಟಿಯಲ್ಲಿರೋ ನಂದಬಟ್ಟಲು ನೋಡಿ ಮೇಷ್ಟ್ರೇ. ಒಂದೊಂದು ಎಸಳೂ ಒಂದೇ ಪಕ್ಕಕ್ಕೆ ತಿರುಚಿಕೊಂಡಿದೆ. ಅದನ್ನು ಸೊಟ್ಟ ಅಂತ ಯಾವತ್ತಾದರೂ ಅಂದಿದ್ದೀರಾ? ದಿನಾ ದೇವರಿಗೇ ಏರಿಸ್ತೀರಿ. ಇರಿ, ಹಿಂದಿನ ಚಕ್ರ ಎತ್ತಿ ಹಿಡೀತೀನಿ, ಪೆಡಲನ್ನು ನೀವೇ ಒಂದು ಸುತ್ತು ತಿರುಗಿಸಿ.