ಚಿತ್ರೀಕರಣ-ಹತ್ಯಾ-ಮೀಮಾಂಸೆ: ಬಾಳೆಲೆ ಸಿದ್ಧಾಂತದ ಬೆಳಕಿನಲ್ಲಿ

ಸಾಹಸ ಕಲಾವಿದರ ನಡುವೆ, ಶೂಟಿಂಗ್ ಸ್ಥಳದಲ್ಲೇ, ಒಂದು ಕೊಲೆ, ಕೊಂದವರು ಯಾರು? ಈ ಕಥಾಬೀಜ ಥ್ರಿಲ್ಲರ್ ಲೋಕದಲ್ಲಿ ಮತ್ತೆ ಮತ್ತೆ ಮೊಳೆತಿದ್ದರೂ ಅದರ ಶಾಸ್ತ್ರಶುದ್ಧಿಯನ್ನು ಪಂಡಿತರು ವಿಚಾರಿಸಿದಂತಿಲ್ಲ. ಆ ಕೊರತೆಯನ್ನು ನೀಗುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲಿಗೆ ಭರತಮುನಿ. ಯುದ್ಧ, ಮರಣಗಳನ್ನು ರಂಗದ ಮೇಲೆ ಪ್ರತ್ಯಕ್ಷ ತೋರಿಸಕೂಡದು, ಪ್ರವೇಶಕವೆಂಬ ಕಿರುದೃಶ್ಯದಿಂದ ಸೂಚಿಸಬೇಕು ಎಂಬುದು ನಾಟ್ಯಶಾಸ್ತ್ರದ ಕಟ್ಟಪ್ಪಣೆ. ಈಗ ಸೆಟ್ಟಿನತ್ತ ನೋಡಿ. ಕ್ಯಾಮೆರಾ ಮುಂದೆ ಇಪ್ಪತ್ತು ಜನ ಫೈಟರ್‌ಗಳು ಹೀರೋನ ಒಂದೇ ಒದೆತಕ್ಕೆ ಹಾರಿ ಬೀಳುತ್ತಾರೆ. ಹಿಂದೆ ನಿಂತ ನಾಲ್ವರು ರೋಪ್ ಎಳೆದಿರುತ್ತಾರೆ, ಕೆಳಗೆ ಖಾಲಿ ರಟ್ಟಿನ ಡಬ್ಬಗಳು, ಅವುಗಳ ಮೇಲೊಂದು ಹಾಸಿಗೆ. ‘ಕಟ್’ ಎಂದೊಡನೆ ಸತ್ತವರೆಲ್ಲ ಎದ್ದು, ಮೈಮೇಲಿನ ಧೂಳು ಕೊಡವಿ, ಟೀ ಕೇಳುತ್ತಾರೆ. ನಿಜವಾದ ಸಾವು ಸಂಭವಿಸುವುದೇನಿದ್ದರೂ ಚೌಕಟ್ಟಿನ ಆಚೆ. ಆದ್ದರಿಂದ ಸೆಟ್ಟಿನ ಕೊಲೆ ಸಂಪೂರ್ಣ ಶಾಸ್ತ್ರಸಮ್ಮತ. ಇತಿ ಪೂರ್ವಪಕ್ಷ.

ಇನ್ನು ಕ್ಷೇತ್ರನಿರ್ಣಯ. ಕೊಡಗಿನ ಗೋಣಿಕೊಪ್ಪಲಿನ ಆಚೆ, ನಾಗರಹೊಳೆ ಕಾಡಿನ ಅಂಚಿನಲ್ಲಿರುವ ಬಾಳೆಲೆಯಲ್ಲಿ ಕೊಲೆಗೆ ಬೇಕಾದ ಪರಿಕರಗಳೆಲ್ಲ ಇವೆ. ಕಾಫಿ ತೋಟದ ನೆರಳು, ಬೆಳಗಿನ ಮಂಜು, ಸಾಕ್ಷ್ಯವನ್ನು ತುಳಿದು ಹಾಕಲು ಆನೆ. ಲೊಕೇಶನ್ ಮ್ಯಾನೇಜರ್‌ಗೆ ಇನ್ನೇನು ಬೇಕು? ಆದರೆ ತೊಡಕಿರುವುದು ಊರಿನವರ ಕಿವಿಯಲ್ಲಿ. ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ. ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ವಿಸ್ತರಿಸಿದೆ. ಸೆಪ್ಟೆಂಬರ್‌ನ ಕೈಲ್‌ಪೊಳ್ದ್‌ ಹಬ್ಬದಲ್ಲಿ ಕೋವಿಗೆ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು.

ಇಲ್ಲೇ ಥ್ರಿಲ್ಲರಿಗೆ ಗಂಡಾಂತರ. ಮೊದಲ ಟೇಕಿಗೆ ಢಂ ಎಂದರೆ, ಯಾರ ಮನೆಯಲ್ಲೋ ಗಂಡುಮಗು ಎಂದು ಊರು ನಗುತ್ತದೆ. ನಿರ್ದೇಶಕ ‘ಒನ್ ಮೋರ್’ ಎಂದನೋ, ಕೆಟ್ಟ! ಎರಡನೆಯ ಢಂಗೆ ಅಕ್ಕಪಕ್ಕದವರೆಲ್ಲ ಕೆಲಸ ಬಿಟ್ಟು ಸಾವಿನ ಮನೆ ಹುಡುಕಿಕೊಂಡು ಬರುತ್ತಾರೆ. ಹೆಣ ಬೀಳುವ ಮೊದಲೇ ಜನ ಸೇರಿದರೆ ಸಸ್ಪೆನ್ಸ್ ಎಲ್ಲಿಂದ ಬಂತು?

ಹೊರದೇಶಗಳಲ್ಲಿ ಈ ತೊಂದರೆ ಇಲ್ಲ. 1993ರಲ್ಲಿ ‘ದಿ ಕ್ರೋ’ ಚಿತ್ರೀಕರಣದಲ್ಲಿ ಡಮ್ಮಿ ತೋಟಾದ ತುದಿ ನಳಿಗೆಯೊಳಗೆ ಸಿಕ್ಕಿಕೊಂಡಿತ್ತು. ಮುಂದೆ ಅದೇ ಕೋವಿಯಲ್ಲಿ ಬ್ಲಾಂಕ್ ಹಾರಿಸಿದಾಗ ಆ ತುದಿ ಹೊರಟು ಬ್ರ್ಯಾಂಡನ್ ಲೀಯನ್ನು ಕೊಂದಿತು. 2021ರಲ್ಲಿ ‘ರಸ್ಟ್’ ಸೆಟ್ಟಿನಲ್ಲಿ ಜೀವಂತ ಗುಂಡೇ ಸೇರಿಕೊಂಡು ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಸತ್ತರು. ನಮ್ಮಲ್ಲಿ 1973ರ ‘ಗಂಧದ ಗುಡಿ’ಯ ಕೋವಿಗೆ ನಿಜವಾದ ಗುಂಡು ಸೇರಿತ್ತೆಂಬ ಮಾತು ಹಬ್ಬಿ, ಯಾರೂ ಸಾಯದಿದ್ದರೂ ಅಭಿಮಾನಿಗಳು ದಶಕಗಟ್ಟಲೆ ತನಿಖೆ ನಡೆಸಿದರು. ಇಷ್ಟು ದೀರ್ಘವಾದ ತನಿಖೆ ನಿಜವಾಗಿ ಸತ್ತವರಿಗೆ ದಕ್ಕಿಲ್ಲ ಎಂಬುದನ್ನು ಅಡಿಟಿಪ್ಪಣಿಯಲ್ಲಿ ಹೇಳಬೇಕಿತ್ತು. ಅಡಿಟಿಪ್ಪಣಿ ಯಾರೂ ಓದುವುದಿಲ್ಲವಾದ್ದರಿಂದ ಇಲ್ಲೇ ಹೇಳಿದೆ.

ಈಗ ಮುಖ್ಯ ಪ್ರಮೇಯ: ಹಂತಕ. ಥ್ರಿಲ್ಲರಿಗೆ ಹಂತಕ ಬೇಕು, ಹಂತಕನಿಗೆ ಉದ್ದೇಶ ಬೇಕು. ಕನ್ನಡದ ಆಧಾರಗಳು ಇದನ್ನು ಒಪ್ಪುವುದಿಲ್ಲ. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ಯ ಕ್ಲೈಮ್ಯಾಕ್ಸ್. ಖಳನಟರಾದ ಅನಿಲ್, ಉದಯ್ ಹೆಲಿಕಾಪ್ಟರಿನಿಂದ ನೀರಿಗೆ ಹಾರಿದರು. ಮೈಮೇಲೆ ಲೈಫ್ ಜಾಕೆಟ್ ಇಲ್ಲ. ತಮಗೆ ಈಜು ಅಷ್ಟಕ್ಕಷ್ಟೇ ಎಂದು ಹಾರುವ ಮುನ್ನ ಟೀವಿಯವರ ಮುಂದೆಯೇ ಹೇಳಿಕೊಂಡಿದ್ದರು. ಜೊತೆಗೆ ಹಾರಿದ ನಾಯಕ ಬದುಕಿ ಬಂದರು, ಇವರಿಬ್ಬರು ಬರಲಿಲ್ಲ. ಕ್ಯಾಮೆರಾಗಳು ಎಲ್ಲವನ್ನೂ ಹಿಡಿದಿದ್ದವು. 2021ರ ಆಗಸ್ಟ್‌ನಲ್ಲಿ ಬಿಡದಿ ಬಳಿ ‘ಲವ್ ಯೂ ರಚ್ಚು’ ಚಿತ್ರೀಕರಣದಲ್ಲಿ ಹೈಟೆನ್ಷನ್ ವಿದ್ಯುತ್ ತಂತಿ ತಗುಲಿ ಫೈಟರ್ ಒಬ್ಬರು ಸತ್ತರು. ವಿಷದ ಬಾಟಲಿ, ಕೈಗವಸು, ಹಳೆಯ ದ್ವೇಷ, ಪತ್ತೇದಾರಿ ಸಾಹಿತ್ಯದ ಒಂದು ಅಲಂಕಾರವೂ ಇಲ್ಲಿಲ್ಲ. ‘ಒಂದೇ ಶಾಟು, ಅಡ್ಜಸ್ಟ್ ಮಾಡ್ಕೊಳ್ಳಿ’ ಎಂಬ ಮಾತನ್ನು ಆಯುಧಗಳ ಪಟ್ಟಿಗೆ ಸೇರಿಸುವ ಧೈರ್ಯ ಯಾವ ಅಪರಾಧಶಾಸ್ತ್ರಜ್ಞನೂ ಇನ್ನೂ ಮಾಡಿಲ್ಲ.

ಆದ್ದರಿಂದ ಬಾಳೆಲೆಯಲ್ಲಿ ತೆಗೆಯಬೇಕಾದ ಥ್ರಿಲ್ಲರಿನ ಕೊನೆಯ ದೃಶ್ಯವನ್ನು ಶಾಸ್ತ್ರೋಕ್ತವಾಗಿ ಹೀಗೆ ಸೂಚಿಸಬಹುದು. ಡ್ಯೂಪ್ ಸತ್ತಿದ್ದಾನೆ. ಹೀರೋನ ವಿಗ್ಗು ಇನ್ನೂ ಅವನ ತಲೆಯ ಮೇಲಿದೆ. ಪತ್ತೇದಾರ ಎಲ್ಲರನ್ನೂ ಕೊಡವರ ಐನ್‌ಮನೆಯ ಜಗಲಿಯಲ್ಲಿ ಕೂರಿಸಿ ಕೇಳುತ್ತಾನೆ:

“ಹಗ್ಗ ಪರೀಕ್ಷೆ ಮಾಡಿದವರು ಯಾರು?”

ನಿರ್ಮಾಪಕರು ಫೈಟ್ ಮಾಸ್ಟರ್ ಕಡೆ ನೋಡುತ್ತಾರೆ. ಮಾಸ್ಟರ್ ಮ್ಯಾನೇಜರ್ ಕಡೆ. ಮ್ಯಾನೇಜರ್, “ಹಗ್ಗ ಬಾಡಿಗೆದು ಸಾರ್, ನಿನ್ನೆ ತಾನೇ ಬಂದದ್ದು” ಎನ್ನುತ್ತಾನೆ. ಆಂಬುಲೆನ್ಸ್? ಬಜೆಟ್‌ನಲ್ಲಿತ್ತು, ಆಮೇಲೆ ತೆಗೆದದ್ದು.

ಮನೆಯ ಹಿರಿಯರೊಬ್ಬರು ಕೋವಿ ತೆಗೆದುಕೊಂಡು ಅಂಗಳಕ್ಕಿಳಿದು ಎರಡು ಗುಂಡು ಹಾರಿಸುತ್ತಾರೆ. ಊರು ಬರುತ್ತದೆ. ಅಷ್ಟರಲ್ಲಿ ಅಸಿಸ್ಟೆಂಟ್ ಡೈರೆಕ್ಟರ್ ಪತ್ತೇದಾರನ ಬಳಿ ಬಂದು ವಿನಯದಿಂದ ಕೇಳುತ್ತಾನೆ: “ಸಾರ್, ನಿಮ್ಮದು ಇನ್ನೂ ಎಷ್ಟು ಹೊತ್ತಾಗುತ್ತೆ? ಲೈಟ್ ಹೋಗ್ತಾ ಇದೆ. ಇನ್ನೊಬ್ಬ ಹುಡುಗನಿಗೆ ವಿಗ್ ಹಾಕಿಸಬೇಕು.”