ಜಿಮ್ ಬಟ್ಲರ್ ಸಾಹೇಬರಿಗೆ ಶಿಕಾರಿಪುರ–ಸೊರಬ ಸೀಮೆಯಿಂದ ಒಂದು ಆಹ್ವಾನ

ಸನ್ಮಾನ್ಯ ಜಿಮ್ ಬಟ್ಲರ್ ಸಾಹೇಬರ ಸನ್ನಿಧಾನಕ್ಕೆ,

ತಾವು ಕ್ಷೇಮವೆಂದು ನಂಬಿದ್ದೇನೆ. ಕತೆಯೊಳಗಿನ ಜಮೀನ್ದಾರರಿಗೆ ಸಾವಿಲ್ಲ.

ಹ್ಯಾಮ್ಲಿನ್ ಗಾರ್ಲಂಡ್ 1889ರಲ್ಲಿ ಪ್ರಕಟಿಸಿದ ‘ಅಂಡರ್ ದ ಲಯನ್ಸ್ ಪಾ’ ಕತೆಯಲ್ಲಿ ತಮ್ಮ ಪರಿಚಯವಾಯಿತು. ಕಿರಾಣಿ ಅಂಗಡಿಯಿಂದ ಶುರು ಮಾಡಿ, ಲಾಭವನ್ನೆಲ್ಲ ಭೂಮಿಗೆ ಹಾಕಿ, ಆಮೇಲೆ ಮೈ ಬಗ್ಗಿಸದೆ ದೊಡ್ಡವರಾದವರು ತಾವು. ಕಾನ್ಸಾಸ್‌ನಲ್ಲಿ ಮಿಡತೆ ಬೆಳೆ ತಿಂದುಹಾಕಿದ್ದರಿಂದ, ಹೆಂಡತಿ ಮಕ್ಕಳೊಂದಿಗೆ ದಿಕ್ಕೆಟ್ಟು ಬಂದ ಹ್ಯಾಸ್ಕಿನ್ಸ್‌ಗೆ ಪಾಳು ಜಮೀನೊಂದನ್ನು ಗೇಣಿಗೆ ಕೊಟ್ಟಿರಿ. ಬೆಲೆ 2,500 ಡಾಲರ್ ಎಂದಿದ್ದಿರಿ. ಅವನು ಮೂರು ವರ್ಷ ಗೇಯ್ದು, ಬೇಲಿ ಕಟ್ಟಿ, ಕೊಟ್ಟಿಗೆ ಸರಿಮಾಡಿದ ಮೇಲೆ 5,500 ಎಂದಿರಿ. ಅವನ ಬೆವರನ್ನು ಅವನಿಗೇ ಮಾರಿದಿರಿ! ಸಿಟ್ಟಿಗೆ ಕವೆಗೋಲು ಎತ್ತಿದವನು ಪುಟ್ಟ ಮಗಳನ್ನು ಕಂಡು ಕೈ ಇಳಿಸಿದ.

ಇಂಥ ಕತೆಗಳಿಗೆ ವಿಮರ್ಶಕರು ನ್ಯಾಚುರಲಿಸಂ ಎಂದು ಹೆಸರಿಟ್ಟರು. ಹುಟ್ಟು, ವರ್ಗ, ಪರಿಸರ ಸೇರಿ ಮನುಷ್ಯನ ಗತಿಯನ್ನು ತೀರ್ಮಾನಿಸುತ್ತವಂತೆ. ನಮ್ಮಲ್ಲಿ ಅಷ್ಟುದ್ದ ಮಾತಿಲ್ಲ, ‘ಹಣೆಬರಹ’ ಎಂದು ಮುಗಿಸುತ್ತೇವೆ. ಜಮೀನ್ದಾರರಿಗೆ ಎರಡೂ ಅನುಕೂಲವೇ.

ಆದರೂ ತಮ್ಮ ಕಸುಬು ಕೊಂಚ ಒರಟು. ಬೆಲೆ ಏರಿಸಿದರೆ ಎಂಥವನಿಗೂ ಗೊತ್ತಾಗುತ್ತದೆ. ಪಕ್ಕದ ಸಾಗರ ತಾಲ್ಲೂಕಿನಲ್ಲಿ ಒಡೆಯರು ಗೇಣಿಯ ಲೆಕ್ಕ ಮುಟ್ಟದೆ, ಭತ್ತ ಅಳೆಯುವ ಕೊಳಗವನ್ನೇ ದೊಡ್ಡದು ಮಾಡಿದ್ದರು. ಮಾತಿನಲ್ಲಿ ಅಷ್ಟೇ ಕೊಳಗ, ಕಣದಲ್ಲಿ ಬೇರೆಯೇ ರಾಶಿ. ದೀವರ ಸಮುದಾಯದ ಗೇಣಿದಾರನಿಗೆ ಕಡೆಗೆ ಉಳಿಯುತ್ತಿದ್ದುದು ಹುಲ್ಲು ಮತ್ತು ಹಣೆಬರಹ. 1951ರ ಏಪ್ರಿಲ್ 18ರಂದು ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಆ ತಾಲ್ಲೂಕಿನ ಕಾಗೋಡು ಗ್ರಾಮದ ರೈತರು ಸತ್ಯಾಗ್ರಹಕ್ಕಿಳಿದರು. ತಂಡ ತಂಡವಾಗಿ ಗದ್ದೆಗಿಳಿದು ಜೈಲಿಗೆ ಹೋದರು; ಬೆಂಬಲಕ್ಕೆ ಬಂದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಕೂಡ ಬಂಧನಕ್ಕೊಳಗಾದರು.

ಅವರ ಬೇಡಿಕೆ ಕಾನೂನಾಗಲು ಎರಡು ದಶಕ ಹಿಡಿಯಿತು. ಮುಖ್ಯಮಂತ್ರಿ ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ಕ್ಕೆ, ಗೇಣಿ ಜಮೀನು ಸರ್ಕಾರಕ್ಕೆ ಸೇರಿತು. ಅದರ ಒಡೆತನ ಕೋರಿ ಗೇಣಿದಾರರು 7ನೇ ನಮೂನೆಯಲ್ಲಿ ಡಿಕ್ಲರೇಷನ್ ಹಾಕಿದರು. ಭೂ ನ್ಯಾಯಮಂಡಳಿಯಲ್ಲಿ ಮೊದಮೊದಲು ವಕೀಲರಿಗೆ ಪ್ರವೇಶವಿರಲಿಲ್ಲ. ತಾವಿದ್ದಿದ್ದರೆ ಬಹಳ ಬೇಜಾರಾಗುತ್ತಿತ್ತು. ಪಹಣಿಯಲ್ಲಿ ಸಾಗುವಳಿದಾರನ ಹೆಸರು ಬರೆಯುವ 12ನೇ ಕಾಲಂನಲ್ಲಿ ಹೆಸರಿದ್ದವನ ದಾರಿ ಸಲೀಸಾಯಿತು. ಹೆಸರು ಬರೆಯದೆ ಬಿಟ್ಟಿದ್ದವನು ಸಾಕ್ಷಿ ಹುಡುಕುತ್ತ ಅಲೆದ. ಗೇಣಿಯೂ ಇಲ್ಲದ ಕೂಲಿಯವನಿಗೆ ಕಾಲಮ್ಮೇ ಇರಲಿಲ್ಲ. ಬ್ರಹ್ಮನ ಬರಹ ಶಾನುಭೋಗರ ಅಕ್ಷರದಲ್ಲಿರುತ್ತದೆಂದು ಆಗ ತಿಳಿಯಿತು.

ನಮ್ಮ ಎರಡು ತಾಲ್ಲೂಕುಗಳ ಯೋಗವೂ ಸಾಮಾನ್ಯದ್ದಲ್ಲ. ಸೊರಬದ ದೀವರ ಮನೆಯ ಬಂಗಾರಪ್ಪ 1990ರಲ್ಲಿ ಮುಖ್ಯಮಂತ್ರಿಯಾದರು. ಶಿಕಾರಿಪುರಕ್ಕೆ ಅಕ್ಕಿ ಗಿರಣಿಯ ಗುಮಾಸ್ತರಾಗಿ ಬಂದ ಯಡಿಯೂರಪ್ಪ ನಾಲ್ಕು ಸಲ ಆದರು. ನ್ಯಾಚುರಲಿಸಂ ಕತೆಗಾರ ಇದನ್ನು ಬರೆದಿದ್ದರೆ, ನಂಬುವಂತಿಲ್ಲವೆಂದು ಸಂಪಾದಕರು ವಾಪಸು ಕಳಿಸುತ್ತಿದ್ದರು.

ಈಗ ಆಹ್ವಾನದ ಮಾತು. ಅರಸರ ಕಾನೂನಿನಂತೆ ಬೇಸಾಯಗಾರರಲ್ಲದವರು ಕೃಷಿ ಜಮೀನು ಕೊಳ್ಳುವಂತಿರಲಿಲ್ಲ; ತಮ್ಮಂಥ ಕಿರಾಣಿಯವರಿಗೆ ಬಾಗಿಲು ಹಾಕಿತ್ತು. 2020ರಲ್ಲಿ, ಯಡಿಯೂರಪ್ಪನವರ ಸರ್ಕಾರ ಆ ಕಾನೂನಿನ 79ಎ, 79ಬಿ ಕಲಮುಗಳನ್ನು ತೆಗೆದು ಬಾಗಿಲು ತೆರೆಯಿತು. ರೈತನಿಗೂ ಒಳ್ಳೆಯ ಬೆಲೆ ಸಿಗುತ್ತದೆ ಎಂಬುದು ಅದರ ಸಮರ್ಥನೆ. ದಯಮಾಡಿಸಿ. ಗೇಣಿಗೆ ಕಾನೂನಿನ ನಿಷೇಧವಿದೆ, ಆದ್ದರಿಂದ ಎಲ್ಲ ಬಾಯಿಮಾತಿನಲ್ಲೇ: ಪಾಲಿಗೆ ಮೆಕ್ಕೆಜೋಳ, ಗುತ್ತಿಗೆಗೆ ಶುಂಠಿ. ಮಳೆ ಕೈಕೊಟ್ಟರೆ ಬೆಳೆ ಪರಿಹಾರ ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ, ಬೀಜ–ಗೊಬ್ಬರದ ಸಾಲ ಗೇಯ್ದವನ ತಲೆಗೆ. ಮೂರು ವರ್ಷ ಕಾಯುವ ಕಷ್ಟವೂ ತಮಗಿಲ್ಲ.

ಒಂದೇ ಎಚ್ಚರಿಕೆ, ಸಾಹೇಬರೇ. ತಮ್ಮೆದುರು ಹ್ಯಾಸ್ಕಿನ್ಸ್ ಒಬ್ಬನೇ ನಿಂತಿದ್ದ, ಅದಕ್ಕೇ ಅದು ವಿಧಿಯ ಕತೆಯಾಯಿತು. ಕಾಗೋಡಿನವರು ಒಟ್ಟಾಗಿ ಬಂದಿದ್ದರು, ಅದು ಕಾನೂನಾಯಿತು.

ಇತಿ ತಮ್ಮ ವಿಧೇಯ,
ಪಹಣಿಯಲ್ಲಿ ಹೆಸರಿಲ್ಲದ ಓದುಗ